ಡಂಬೆಲ್ಸು, ಕೊಡಲಿ, ಸೈಕಲ್ಲು: ಟಾಲ್‌ಸ್ಟಾಯ್ ಬಾಳಿನ ಇನ್ನೊಂದು ಮಗ್ಗಲು

ಲಿಯೋ ಟಾಲ್‌ಸ್ಟಾಯ್ ಎಂದೊಡನೆ ನಮ್ಮ ಕಣ್ಣೆದುರು ಬಂದು ನಿಲ್ಲುವುದು ಎದೆಯ ತನಕ ಇಳಿದ ಬಿಳಿಗಡ್ಡ, ರೈತರ ಸಡಿಲ ಅಂಗಿ, ಸೊಂಟಕ್ಕೆ ಬಿಗಿದ ಪಟ್ಟಿ, ದಟ್ಟ ಹುಬ್ಬಿನ ಕೆಳಗಿನ ಚೂಪು ಕಣ್ಣು. ಅದು ಋಷಿಯ ಚಿತ್ರ. ಗ್ರಂಥಾಲಯದ ಕಪಾಟಿನಲ್ಲಿ ಇಟ್ಟಿಗೆಯಂತೆ ಕೂತಿರುವ 'ಯುದ್ಧ ಮತ್ತು ಶಾಂತಿ'ಯನ್ನು ಕಂಡವರಿಗಂತೂ ಈ ಮನುಷ್ಯ ಹುಟ್ಟಿದಾಗಿನಿಂದ ಮೇಜಿನ ಮುಂದೆಯೇ ಕೂತಿದ್ದಿರಬೇಕು ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಮಾಸ್ಕೋದಲ್ಲಿ ಆತ ಚಳಿಗಾಲಗಳನ್ನು ಕಳೆಯುತ್ತಿದ್ದ ಖಾಮೋವ್ನಿಕಿಯ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಬರೆಯುವ ಮೇಜಿನ ಜೊತೆಗೆ ಡಂಬೆಲ್ಸು, ಬೂಟು ಹೊಲಿಯುವ ಸಲಕರಣೆ ಮತ್ತು ಒಂದು ಇಂಗ್ಲಿಷ್ ಸೈಕಲ್ಲನ್ನೂ ಜೋಪಾನವಾಗಿ ಇಟ್ಟಿದ್ದಾರೆ.

ಈ ಸಾಮಾನುಗಳ ಬೆನ್ನು ಹತ್ತಿ ಹೋದರೆ ಬೇರೆಯೇ ಒಬ್ಬ ಟಾಲ್‌ಸ್ಟಾಯ್ ಸಿಗುತ್ತಾನೆ. ಇಪ್ಪತ್ತರ ಹರೆಯದಲ್ಲಿ ಶುರು ಮಾಡಿದ ಅಂಗಸಾಧನೆಯನ್ನು ಎಂಬತ್ತೆರಡರ ತನಕ ಕೈಬಿಡದವನು. ಅರವತ್ತೇಳನೆಯ ವರ್ಷದಲ್ಲಿ, ಅದೂ ಮಗನನ್ನು ಮಣ್ಣು ಮಾಡಿ ಬಂದ ತಿಂಗಳುಗಳಲ್ಲಿ, ಸೈಕಲ್ ಕಲಿತವನು. ಆತನ ಕಾದಂಬರಿಗಳ ಬಗ್ಗೆ, ಅಹಿಂಸೆಯ ಬಗ್ಗೆ ಬೇಕಾದಷ್ಟು ಬರೆದವರಿದ್ದಾರೆ. ಆತನ ಮೈಯ ಕಥೆಯನ್ನು ಹೇಳಿದವರು ಕಡಿಮೆ. ಕಾಮರ್ಸ್ ವಿದ್ಯಾರ್ಥಿಯ ಭಾಷೆಯಲ್ಲಿ ಹೇಳಬೇಕಂದ್ರೆ, ಖಾತೆಪುಸ್ತಕದ ಎಡಪುಟವನ್ನೇ ಎಲ್ಲರೂ ಓದಿದ್ದಾರೆ. ಬಲಪುಟವನ್ನು ತಿರುವಿ ನೋಡುವುದು ಈ ಲೇಖನದ ಉದ್ದೇಶ.

*

ಟಾಲ್‌ಸ್ಟಾಯ್ ಹುಟ್ಟಿದ್ದು 1828ರ ಸೆಪ್ಟೆಂಬರ್ 9ರಂದು. ಆಗಿನ ರಷ್ಯದ ಹಳೆಯ ಪಂಚಾಂಗದ ಪ್ರಕಾರ ಆಗಸ್ಟ್ 28. ಊರು ತುಲಾ ಪಟ್ಟಣದ ಹತ್ತಿರದ ಯಾಸ್ನಾಯಾ ಪೊಲ್ಯಾನಾ. ಮಾಸ್ಕೋದಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರು. ಜಮೀನ್ದಾರರ ಮನೆತನ, ಆಳುಕಾಳು, ಕಾಡು, ಕೆರೆ, ಕುದುರೆ ಎಲ್ಲ ಇತ್ತು. ಇಲ್ಲದ್ದು ಹೆತ್ತವರ ಆಸರೆ. ಎರಡು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. 1837ರಲ್ಲಿ, ಹುಡುಗನಿಗೆ ಇನ್ನೂ ಒಂಬತ್ತು ತುಂಬುವ ಮೊದಲು, ತಂದೆಯೂ ಹೋದ. ಅತ್ತೆಯಂದಿರು ಮತ್ತು ಬಂಧುಗಳ ಕೈಯಲ್ಲಿ ಬೆಳೆದ.

1844ರಲ್ಲಿ ಕಜಾನ್ ವಿಶ್ವವಿದ್ಯಾಲಯ ಸೇರಿದ. ಮೊದಲು ಪೌರ್ವಾತ್ಯ ಭಾಷೆಗಳು, ಆಮೇಲೆ ಕಾನೂನು. ಎರಡರಲ್ಲೂ ಮನಸ್ಸು ನಿಲ್ಲಲಿಲ್ಲ. 1847ರಲ್ಲಿ ಡಿಗ್ರಿ ಇಲ್ಲದೆ ಊರಿಗೆ ಹಿಂತಿರುಗಿದ. ಅದೇ ವರ್ಷ ದಿನಚರಿ ಬರೆಯಲು ತೊಡಗಿದ, ತನಗೆ ತಾನೇ ಬಾಳಿನ ನಿಯಮಗಳನ್ನು ಹಾಕಿಕೊಂಡ. ಯಾವಾಗ ಏಳಬೇಕು, ಎಷ್ಟು ಓದಬೇಕು, ಮೈಯನ್ನು ಹೇಗೆ ಹದದಲ್ಲಿಡಬೇಕು ಎಂದೆಲ್ಲ ಪಟ್ಟಿ. ಅದನ್ನು ಮುರಿಯುವುದೂ ನಡೆದೇ ಇತ್ತು. ಇಸ್ಪೀಟು, ಕುಡಿತ, ಸಾಲ. ಬರೆದ ನಿಯಮಕ್ಕೂ ನಡೆದ ದಿನಕ್ಕೂ ತಾಳೆಯಾಗದೆ ಸಂಕಟಪಡುವುದು ಆತನಿಗೆ ಜೀವನಪರ್ಯಂತ ತಪ್ಪಲಿಲ್ಲ. ಆದರೆ ಆ ಪಟ್ಟಿಯಲ್ಲಿದ್ದ ವ್ಯಾಯಾಮ ಮಾತ್ರ ಕೊನೆಯತನಕ ಉಳಿಯಿತು.

1851ರಲ್ಲಿ ದೊಡ್ಡಣ್ಣ ನಿಕೊಲಾಯ್ ಜೊತೆ ಕಾಕಸಸ್ ಬೆಟ್ಟಗಳಿಗೆ ಹೋಗಿ ಸೈನ್ಯ ಸೇರಿದ. 1852ರಲ್ಲಿ 'ಬಾಲ್ಯ' ಪ್ರಕಟವಾಗಿ ಹೆಸರು ಬಂತು. ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ತೊಪೋಲ್ ಕೋಟೆಯ ಫಿರಂಗಿದಳದಲ್ಲಿದ್ದು, ಅಲ್ಲಿನ ಸಾವುನೋವುಗಳನ್ನು ಬರೆದ. ಅಲ್ಲಿಂದ ರಾಜಧಾನಿಯ ಸಾಹಿತಿಗಳ ನಡುವೆ ಬಂದಾಗ ಆತನಿಗೆ ಇನ್ನೂ ಇಪ್ಪತ್ತೇಳು.

ಇಲ್ಲಿಂದ ನಮ್ಮ ಕಥೆ ಗರಡಿಮನೆಗೆ ಹೊರಳುತ್ತದೆ. 1850ರ ದಶಕದ ಕೊನೆಯ ವರ್ಷಗಳಲ್ಲಿ ಮಾಸ್ಕೋದಲ್ಲಿದ್ದಾಗ ಟಾಲ್‌ಸ್ಟಾಯ್ ತಪ್ಪದೆ ವ್ಯಾಯಾಮಶಾಲೆಗೆ ಹೋಗುತ್ತಿದ್ದ. ಮೈಗೆ ಅಂಟುವ ಉಡುಪು ತೊಟ್ಟು ಮರದ ಕುದುರೆಯ ಮೇಲಿಂದ ಜಿಗಿಯುತ್ತಿದ್ದುದನ್ನು ಗೆಳೆಯ, ಕವಿ ಅಫಾನಾಸಿ ಫೆತ್ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ. ಊರಿನಲ್ಲಿದ್ದಾಗಲೂ ಬಿಡಲಿಲ್ಲ, ಅಲ್ಲಿ ಒಂದು ಅಡ್ಡಕೋಲು ಕಟ್ಟಿಸಿಕೊಂಡಿದ್ದ. ಅಣ್ಣ ನಿಕೊಲಾಯ್ ಅದರ ಕಥೆಯನ್ನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದನಂತೆ. ಬೆಳಿಗ್ಗೆ ಪಾರುಪತ್ಯಗಾರ ಅಂದಿನ ಕೆಲಸದ ಬಗ್ಗೆ ಅಪ್ಪಣೆ ಕೇಳಲು ಬಂದರೆ, ಧಣಿ ಒಂದೇ ಮೊಣಕಾಲನ್ನು ಕೋಲಿಗೆ ಸಿಕ್ಕಿಸಿಕೊಂಡು ತಲೆಕೆಳಗಾಗಿ ತೂಗಾಡುತ್ತಿದ್ದಾನೆ. ಮುಖ ಕೆಂಪಗೆ, ಕೂದಲು ನೆಲದ ಕಡೆಗೆ. ಆ ಬಡಪಾಯಿಗೆ ಅಪ್ಪಣೆ ಕೇಳಿಸಿಕೊಳ್ಳೋದೋ, ಧಣಿಯನ್ನು ನೋಡ್ತಾ ನಿಲ್ಲೋದೋ ತಿಳಿಯದು!

ನಗುವ ಪ್ರಸಂಗವೇ. ಆದರೆ ಅದರ ಹಿಂದೆ ಒಂದು ಭಯವೂ ಇತ್ತು. 1856ರಲ್ಲಿ ಅಣ್ಣ ದ್ಮಿತ್ರಿ ಕ್ಷಯದಿಂದ ಸತ್ತ. ಟಾಲ್‌ಸ್ಟಾಯಿಯನ್ನು ನಗಿಸುತ್ತಿದ್ದ ನಿಕೊಲಾಯ್ ಕೂಡ 1860ರಲ್ಲಿ ಫ್ರಾನ್ಸಿನ ಕಡಲತೀರದ ಊರೊಂದರಲ್ಲಿ ಅದೇ ರೋಗಕ್ಕೆ ಬಲಿಯಾದ. ತಮ್ಮ ಪಕ್ಕದಲ್ಲೇ ಇದ್ದ. ಆಗ ಕ್ಷಯಕ್ಕೆ ಮದ್ದಿಲ್ಲ. 1862ರಲ್ಲಿ ಆತನಿಗೂ ಕೆಮ್ಮು ಹತ್ತಿದಾಗ ವೈದ್ಯರು ಸಮಾರಾದ ಹುಲ್ಲುಗಾವಲಿಗೆ ಕಳಿಸಿದರು. ಅಲ್ಲಿ ಬಾಷ್ಕಿರ್ ಜನರ ನಡುವೆ ಇದ್ದು ಕುದುರೆಯ ಹುಳಿಹಾಲು ಕುಡಿದು ಸುಧಾರಿಸಿಕೊಂಡು ಬಂದ. ಎರಡು ಹೆಣಗಳನ್ನು ಕಂಡ ಮನೆಯವನಿಗೆ ಮೈಯನ್ನು ಗಟ್ಟಿ ಇಟ್ಟುಕೊಳ್ಳುವುದು ಶೋಕಿಯಾಗಿರಲಿಲ್ಲ.

*

1862ರಲ್ಲೇ ಮದುವೆ. ಆತನಿಗೆ ಮೂವತ್ತನಾಲ್ಕು, ಸೋಫಿಯಾಗೆ ಹದಿನೆಂಟು. ಮುಂದಿನ ವರ್ಷಗಳಲ್ಲಿ ಹದಿಮೂರು ಮಕ್ಕಳಾದರು. ದೊಡ್ಡವರಾಗಿ ಬೆಳೆದವರು ಎಂಟು ಮಂದಿ. 1863ರಿಂದ 1869ರವರೆಗೆ 'ಯುದ್ಧ ಮತ್ತು ಶಾಂತಿ'ಯ ಕೆಲಸ. ಗೀಚಿ, ತಿದ್ದಿ, ಮತ್ತೆ ಗೀಚಿದ ಹಾಳೆಗಳನ್ನು ಸೋಫಿಯಾ ರಾತ್ರಿ ಮಕ್ಕಳನ್ನು ಮಲಗಿಸಿ ಮತ್ತೆ ಮತ್ತೆ ನಕಲು ಮಾಡುತ್ತಿದ್ದಳು.

ಈ ಮಹಾಕಾದಂಬರಿಯ ನಡುವೆ ಒಂದು ಅವಘಡವಾಯಿತು. 1864ರ ಶರತ್ಕಾಲದಲ್ಲಿ ಮೊಲದ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ಬಲಗೈ ಮುರಿಯಿತು. ಸ್ಥಳೀಯವಾಗಿ ಕಟ್ಟಿದ್ದು ಸರಿಯಾಗಿ ಕೂಡಲಿಲ್ಲ. ಮಾಸ್ಕೋದಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಎಲುಬನ್ನು ಮತ್ತೆ ಕೂಡಿಸಬೇಕಾಯಿತು. ಕೈ ಕಟ್ಟಿಕೊಂಡಿದ್ದ ಆ ವಾರಗಳಲ್ಲಿ ಆತ ಕಾದಂಬರಿಯ ಕೆಲ ಭಾಗಗಳನ್ನು ಬಾಯಲ್ಲಿ ಹೇಳಿ ಬರೆಸಿದ. ಆಗ ವಯಸ್ಸು ಮೂವತ್ತಾರು. ಬರೆಯುವ ಕೈಯೂ ಒಂದು ಎಲುಬು, ಒಂದಿಷ್ಟು ಸ್ನಾಯು ಎಂಬುದು ಬರಹಗಾರನಿಗೆ ಇದಕ್ಕಿಂತ ಚೆನ್ನಾಗಿ ಯಾರು ಕಲಿಸಬೇಕು?

1873ರಿಂದ 1877ರವರೆಗೆ 'ಅನ್ನಾ ಕರೆನಿನಾ'. ಅದರ ಲೆವಿನ್ ಬಹುಮಟ್ಟಿಗೆ ಟಾಲ್‌ಸ್ಟಾಯಿಯೇ. ಓದಿದವರು ಒಂದು ಸಣ್ಣ ಪ್ರಸಂಗವನ್ನು ನೆನಪಿಸಿಕೊಳ್ಳಬಹುದು. ಪ್ರೀತಿಸಿದ ಹುಡುಗಿ ಒಲ್ಲೆನೆಂದಿದ್ದಾಳೆ. ಲೆವಿನ್ ಹಳ್ಳಿಯ ಮನೆಗೆ ಬಂದು ತನ್ನ ಕೋಣೆ ಸೇರುತ್ತಾನೆ. ಮೂಲೆಯಲ್ಲಿ ಒಂದೊಂದು ಪೂಡ್ ತೂಕದ ಎರಡು ಕಬ್ಬಿಣದ ಗುಂಡುಗಳಿವೆ. ಒಂದು ಪೂಡ್ ಅಂದರೆ 16 ಕಿಲೋಗಿಂತ ತುಸು ಹೆಚ್ಚು. ಮನಸ್ಸಿಗೆ ಹುರುಪು ಬರಲೆಂದು ಅವನ್ನು ಎತ್ತಿ ಇಳಿಸತೊಡಗುತ್ತಾನೆ. ಬಾಗಿಲ ಹೊರಗೆ ಹೆಜ್ಜೆ ಸಪ್ಪಳವಾದ ಕೂಡಲೇ ಗಡಬಡಿಸಿ ಕೆಳಗಿಡುತ್ತಾನೆ. ಬಂದವನು ಪಾರುಪತ್ಯಗಾರ! ಬಾಗಿಲು ಹಾಕಿಕೊಂಡು ದಂಡ ಹೊಡೆಯುವ ಎಲ್ಲರಿಗೂ ಈ ನಾಚಿಕೆ ಗೊತ್ತು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿದವರಿಗೆ ಹದಿನಾರು ಕಿಲೋ ದೊಡ್ಡದಲ್ಲ ಅನ್ನಿಸೀತು. ಆದರೆ ಲೆವಿನ್ ಎತ್ತುವುದು ಬಹುಮಾನಕ್ಕಲ್ಲ, ಮನಸ್ಸಿನ ಭಾರ ಇಳಿಯಲಿ ಅಂತ.

ಅದೇ ಕಾದಂಬರಿಯಲ್ಲಿ ಲೆವಿನ್ ರೈತರ ಜೊತೆ ಉದ್ದ ಹಿಡಿಯ ಕುಡುಗೋಲು ಹಿಡಿದು ಹುಲ್ಲು ಕೊಯ್ಯುವ ಭಾಗವಿದೆ. ಮೊದಲು ಉಸಿರು ಕಟ್ಟುತ್ತದೆ, ಸಾಲು ಸೊಟ್ಟಗಾಗುತ್ತದೆ. ಹೊತ್ತು ಏರಿದಂತೆ ಕೆಲಸವೇ ಕೈಯನ್ನು ನಡೆಸತೊಡಗುತ್ತದೆ. ಹೊಲದಲ್ಲಿ ನಿಂತು ಕೊಯ್ದ ಮನುಷ್ಯ ಮಾತ್ರ ಹಾಗೆ ಬರೆಯಬಲ್ಲ. ಟಾಲ್‌ಸ್ಟಾಯ್ ಯಾಸ್ನಾಯಾ ಪೊಲ್ಯಾನಾದಲ್ಲಿ ಬೇಸಿಗೆಯ ಹುಲ್ಲುಕೊಯ್ಲಿಗೆ ಇಳಿಯುತ್ತಿದ್ದ. ಮುದುಕನಾದ ಮೇಲೂ ಇಳಿದ.

*

ಇಷ್ಟರಲ್ಲಿ ಐವತ್ತು ಹತ್ತಿರ ಬಂತು. ಕೀರ್ತಿ, ಹಣ, ಭೂಮಿ, ಮಕ್ಕಳು ಎಲ್ಲ ಇತ್ತು. ಮೈಯೂ ಚೆನ್ನಾಗಿತ್ತು. ಕೊಯ್ಲಿನಲ್ಲಿ ರೈತರಿಗೆ ಸರಿಸಮನಾಗಿ ದುಡಿಯಬಲ್ಲೆ, ಎಂಟು ಹತ್ತು ತಾಸು ಒಂದೇ ಸಮ ಕೂತು ಬರೆಯಬಲ್ಲೆ ಎಂದು ಆತನೇ ಹೇಳಿಕೊಂಡಿದ್ದಾನೆ. ಅಂಥ ಹೊತ್ತಿನಲ್ಲೇ ಆತನಿಗೆ ಬದುಕು ಬೇಡವಾಯಿತು. ಸಾವು ಎಲ್ಲವನ್ನೂ ಅಳಿಸಿಹಾಕುವುದಾದರೆ ಇದೆಲ್ಲ ಯಾತಕ್ಕೆ ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ತನ್ನ ಕೋಣೆಯ ತೊಲೆಗೆ ಎಲ್ಲಿ ನೇಣು ಹಾಕಿಕೊಂಡುಬಿಡುವೆನೋ ಎಂದು ಹಗ್ಗವನ್ನು ಬಚ್ಚಿಟ್ಟ. ಬೇಟೆಗೆ ಕೋವಿ ಒಯ್ಯುವುದನ್ನು ಬಿಟ್ಟ. 1879ರ ಸುಮಾರಿಗೆ ತೊಡಗಿ ಬರೆದ 'ತಪ್ಪೊಪ್ಪಿಗೆ'ಯಲ್ಲಿ ಇದನ್ನೆಲ್ಲ ಮುಚ್ಚುಮರೆ ಇಲ್ಲದೆ ಹೇಳಿದ್ದಾನೆ.

ಇಲ್ಲಿ ನಾವು ಒಂದು ಗಳಿಗೆ ನಿಲ್ಲಬೇಕು. ವ್ಯಾಯಾಮ ಮಾಡಿದರೆ ಎಲ್ಲ ಸರಿಹೋಗುತ್ತೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಟಾಲ್‌ಸ್ಟಾಯಿಯ ಐವತ್ತನೆಯ ವರ್ಷ ಅದಕ್ಕೆ ಒಪ್ಪುವುದಿಲ್ಲ. ತೋಳಿನಲ್ಲಿ ಬಲವಿತ್ತು, ಬಾಳಿನಲ್ಲಿ ದಿಕ್ಕಿರಲಿಲ್ಲ. ಬಲ ಎನ್ನುವುದು ಬಂಡವಾಳ. ಬಂಡವಾಳ ತಾನಾಗಿ ಲಾಭ ತರುವುದಿಲ್ಲ. ಎಲ್ಲಿ ಹೂಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆದರೆ ದಿಕ್ಕು ಕಂಡ ದಿನ ಕೈಯಲ್ಲಿ ಬಂಡವಾಳವೇ ಇಲ್ಲದಿದ್ದರೂ ಕಷ್ಟ. ಟಾಲ್‌ಸ್ಟಾಯ್ ಹತ್ತಿರ ಅದು ಉಳಿದಿತ್ತು.

ದಿಕ್ಕು ಕಂಡದ್ದು ರೈತರ ಬಾಳಿನಲ್ಲಿ. 1881ರಲ್ಲಿ ಮಕ್ಕಳ ಓದಿಗಾಗಿ ಕುಟುಂಬ ಮಾಸ್ಕೋಗೆ ಬಂತು. 1882ರಲ್ಲಿ ಖಾಮೋವ್ನಿಕಿಯ ಮನೆಯನ್ನು ಕೊಂಡ. ಅದೇ ವರ್ಷ ಮಾಸ್ಕೋದ ಜನಗಣತಿಯಲ್ಲಿ ಗಣತಿದಾರನಾಗಿ ಬಡವರ ಕೇರಿಗಳನ್ನು ಸುತ್ತಿದ. ಕಂಡದ್ದು ಎದೆಗೆ ನಾಟಿತು. ಬಡವರಿಗೆ ದುಡ್ಡು ಹಂಚಿದರೆ ಸಾಲದು, ಮೊದಲು ಅವರ ಬೆನ್ನಿನ ಮೇಲಿಂದ ತಾನು ಇಳಿಯಬೇಕು ಎಂದುಕೊಂಡ. ಈ ವಿಚಾರಗಳನ್ನು 'ಹಾಗಾದರೆ ನಾವೇನು ಮಾಡಬೇಕು' ಎಂಬ ಪುಸ್ತಕದಲ್ಲಿ ಬರೆದು 1886ರಲ್ಲಿ ಮುಗಿಸಿದ. ಅದರಲ್ಲಿ ದಿನವನ್ನು ನಾಲ್ಕು ಸರದಿಗಳಾಗಿ ಭಾಗಮಾಡುವ ಯೋಜನೆಯಿದೆ. ಬೆಳಗಿನ ಉಪಾಹಾರದ ಮೊದಲು ಬೆವರು ಇಳಿಯುವ ಕೆಲಸ. ಅಲ್ಲಿಂದ ಊಟದ ತನಕ ಬುದ್ಧಿಯ ಕೆಲಸ. ಊಟದ ನಂತರ ಕೈಕಸಬು. ಸಂಜೆ ಜನರೊಡನೆ ಒಡನಾಟ. ಎತ್ತುಗಳನ್ನು ಸರದಿಯ ಮೇಲೆ ನೊಗಕ್ಕೆ ಹೂಡುವ ಹಾಗೆ ಮನುಷ್ಯನ ಬೇರೆ ಬೇರೆ ಶಕ್ತಿಗಳನ್ನೂ ಸರದಿಯ ಮೇಲೆ ಹೂಡಬೇಕು ಎಂಬ ಲೆಕ್ಕ ಅದು.

ಬರೆದು ಸುಮ್ಮನಾಗಲಿಲ್ಲ. ತನ್ನ ಕೋಣೆಯನ್ನು ತಾನೇ ಗುಡಿಸಿದ. ಕೊಡಲಿ ಹಿಡಿದು ಒಲೆಗೆ ಸೌದೆ ಸೀಳಿದ. ಮನೆಗೆ ನೀರು ಸೇದಿ, ಪೀಪಾಯಿ ತುಂಬಿ ತಂದ. ಬೂಟು ಹೊಲಿಯುವವನೊಬ್ಬನನ್ನು ಗುರುವಾಗಿ ಮಾಡಿಕೊಂಡು ಬೂಟು ಹೊಲಿದ. ಫೆತ್ ಆತನಿಂದ ಒಂದು ಜೊತೆ ಬೂಟು ಮಾಡಿಸಿಕೊಂಡು ಹಣವನ್ನೂ ಕೊಟ್ಟ. ಮುಂದೆ ಅಳಿಯನಾದ ಸುಖೋತಿನ್ ತನಗೆ ಸಿಕ್ಕ ಬೂಟನ್ನು ಕಾಲಿಗೆ ಹಾಕದೆ, ಕಪಾಟಿನಲ್ಲಿ ಟಾಲ್‌ಸ್ಟಾಯ್ ಕೃತಿಗಳ ಹನ್ನೆರಡು ಸಂಪುಟಗಳ ಪಕ್ಕ ಹದಿಮೂರನೆಯ ಸಂಪುಟವೆಂದು ಇಟ್ಟುಕೊಂಡಿದ್ದನೆಂಬ ಕಥೆ ಇದೆ.

ಇದೇ ದಶಕದಲ್ಲಿ ಮಾಂಸ ಬಿಟ್ಟ, ಬೇಟೆ ಬಿಟ್ಟ, ತಂಬಾಕೂ ಬಿಟ್ಟ. 1886ರ ವಸಂತದಲ್ಲಿ ಬೆನ್ನಿಗೆ ಗಂಟು ಕಟ್ಟಿಕೊಂಡು ಮಾಸ್ಕೋದಿಂದ ಯಾಸ್ನಾಯಾ ಪೊಲ್ಯಾನಾಗೆ ನಡೆದೇ ಹೊರಟ. ಆಗ ಐವತ್ತೇಳು ವಯಸ್ಸು. ರೈಲು ಇದ್ದೂ ನಡೆದ. ದಾರಿಯಲ್ಲಿ ಸಿಕ್ಕ ಜನರ ಜೊತೆ ಮಾತಾಡುತ್ತಾ, ಸಿಕ್ಕಲ್ಲಿ ಮಲಗುತ್ತಾ. 1888ರಲ್ಲಿ ಮತ್ತು 1889ರಲ್ಲಿ ಮತ್ತೆ ಹಾಗೆಯೇ ನಡೆದ. ಒಬ್ಬ ಮನುಷ್ಯನಿಗೆ ಎಷ್ಟು ಭೂಮಿ ಬೇಕು ಎಂದು ಕೇಳುವ ಆತನ ಪ್ರಸಿದ್ಧ ಕಥೆಯೂ 1886ರದ್ದೇ. ಅದರ ರೈತ ಭೂಮಿಯ ಆಸೆಗೆ ಬೆಳಗಿನಿಂದ ಸಂಜೆಯ ತನಕ ಓಡಿ ಓಡಿ ಎದೆಯೊಡೆದು ಸಾಯುತ್ತಾನೆ. ದುರಾಸೆಗೆ ಮೈಯನ್ನು ಹೂಡಿದರೆ ಏನಾಗುತ್ತದೆ ಎಂಬುದಕ್ಕೆ ಆ ಕಥೆ ಸಾಕ್ಷಿ.

1891ರಲ್ಲಿ ಬರ ಬಂದಾಗ ಆ ಬಂಡವಾಳ ಸರಿಯಾದ ಕಡೆ ಹೂಡಿಕೆಯಾಯಿತು. ಅರವತ್ತಮೂರರ ಟಾಲ್‌ಸ್ಟಾಯ್ ಹೆಣ್ಣುಮಕ್ಕಳೊಂದಿಗೆ ರ್ಯಾಜಾನ್ ಪ್ರಾಂತದ ಬೆಗಿಚೆವ್ಕಾದಲ್ಲಿ ಬೀಡುಬಿಟ್ಟ. ಹಿಮದಲ್ಲಿ ಹಳ್ಳಿಯಿಂದ ಹಳ್ಳಿಗೆ ತಿರುಗಿ ಗಂಜಿಕೇಂದ್ರಗಳನ್ನು ತೆರೆದ. ಅವು ಇನ್ನೂರಕ್ಕೂ ಹೆಚ್ಚಾದವು, ಸಾವಿರಾರು ಜನ ದಿನವೂ ಉಂಡರು. ಮಾಸ್ಕೋದಲ್ಲಿದ್ದ ಸೋಫಿಯಾ ಪತ್ರಿಕೆಯಲ್ಲಿ ಮನವಿ ಬರೆದು ಹಣ ಕೂಡಿಸಿ ಕಳಿಸಿದಳು.

*

ಈಗ ಸೈಕಲ್ಲಿನ ಪ್ರಸಂಗ. ಟಾಲ್‌ಸ್ಟಾಯ್ ದಂಪತಿಗಳ ಕೊನೆಯ ಮಗು ವಾನ್ಯಾ. 1888ರಲ್ಲಿ ಹುಟ್ಟಿದ ಹುಡುಗ. ಸಣಕಲು, ಸೂಕ್ಷ್ಮ, ಮನೆಮಂದಿಗೆಲ್ಲ ಕಣ್ಮಣಿ. ತನ್ನ ವಿಚಾರಗಳನ್ನು ಈ ಹುಡುಗ ಮುಂದುವರಿಸಿಯಾನು ಎಂಬ ಆಸೆ ತಂದೆಗಿತ್ತು. 1895ರ ಫೆಬ್ರವರಿಯ ಕೊನೆಯಲ್ಲಿ, ಹಳೆಯ ಪಂಚಾಂಗದ ಪ್ರಕಾರ 23ರಂದು, ಏಳು ವರ್ಷ ತುಂಬಲು ಇನ್ನೂ ಒಂದು ತಿಂಗಳು ಇರುವಾಗ, ಕೆಂಪುಜ್ವರ ಬಂದು ಎರಡೇ ದಿನದಲ್ಲಿ ತೀರಿಕೊಂಡ. ಸೋಫಿಯಾ ಆ ಪೆಟ್ಟಿನಿಂದ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ಟಾಲ್‌ಸ್ಟಾಯಿಗೆ ತಾನು ಮುದುಕನಾದೆ ಎಂಬುದು ಆಗಲೇ ಗೊತ್ತಾದದ್ದು.

ಆ ವರ್ಷದ ವಸಂತದಲ್ಲೇ ಆತ ಸೈಕಲ್ ಕಲಿಯಲು ಹೊರಟ! ಎರಡು ಸಮಗಾಲಿಗಳ, ಸರಪಳಿಯ ಸೈಕಲ್ಲನ್ನು ಇಂಗ್ಲೆಂಡಿನ ಸ್ಟಾರ್ಲಿ 1885ರಲ್ಲಿ ರೋವರ್ ಎಂಬ ಹೆಸರಿನಲ್ಲಿ ಮಾಡಿದ್ದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದ. ಅಲ್ಲಿಂದ ಯೂರೋಪಿನಲ್ಲೆಲ್ಲ ಸೈಕಲ್ಲಿನ ಹುಚ್ಚು. ಮಾಸ್ಕೋದ ಸೈಕಲ್ ಪ್ರೇಮಿಗಳ ಸಂಘ ಟಾಲ್‌ಸ್ಟಾಯಿಗೆ ಒಂದು ರೋವರನ್ನು ಉಡುಗೊರೆಯಾಗಿ ಕೊಟ್ಟಿತು. ಕ್ರೆಮ್ಲಿನ್ ಪಕ್ಕದ ಮನೇಜ್ ಎಂಬ ದೊಡ್ಡ ಒಳಾಂಗಣದಲ್ಲಿ ಪಾಠ. ಬೀದಿಯಲ್ಲಿ ಓಡಿಸಲು ಆಗ ಪರವಾನಗಿ ಬೇಕಿತ್ತು, ಅದನ್ನೂ ಪಡೆದ. ಕಲಿಯುವಾಗ ನಡೆದದ್ದೆಂದು ಒಂದು ಕಥೆ ಹೇಳುತ್ತಾರೆ. ಅದೇ ಜಾಗದಲ್ಲಿ ಒಬ್ಬ ಹೆಂಗಸೂ ಕಲಿಯುತ್ತಿದ್ದಳು. ಆಕೆಗೆ ಗುದ್ದಬಾರದು, ಗುದ್ದಬಾರದು ಅಂದುಕೊಳ್ಳುತ್ತಾ ಆಕೆಯನ್ನೇ ನೋಡುತ್ತಾ ಹೋದ ಅಜ್ಜ ನೆಟ್ಟಗೆ ಹೋಗಿ ಆಕೆಗೇ ಗುದ್ದಿದ! ಸೈಕಲ್ ಕಲಿತವರಿಗೆಲ್ಲ ಗೊತ್ತು, ಕಣ್ಣು ಎಲ್ಲಿಯೋ ಚಕ್ರವೂ ಅಲ್ಲಿಗೇ.

ಆದರೆ ಶಿಷ್ಯರಿಗೆ ಇದು ಹಿಡಿಸಲಿಲ್ಲ. ಸರಳಜೀವನ ಬೋಧಿಸುವ ಗುರು, ಶ್ರೀಮಂತರ ಆಟದ ಸಾಮಾನು ಏರಿ ಮಾಸ್ಕೋ ಬೀದಿಯಲ್ಲಿ ತಿರುಗುವುದೇ? ಅದೂ ಮನೆಯಲ್ಲಿ ಸೂತಕದ ನೆರಳಿರುವಾಗ? ಒಬ್ಬರು ಮುಖಕ್ಕೇ ಆಕ್ಷೇಪಿಸಿದರು. ಟಾಲ್‌ಸ್ಟಾಯ್ ತನ್ನ ದಿನಚರಿಯಲ್ಲಿ ಈ ಪ್ರಶ್ನೆಯನ್ನು ತಾನೇ ವಿಚಾರಿಸಿ ನೋಡಿದ. ಇದರಲ್ಲಿ ಪಾಪವೇನೂ ಕಾಣಲಿಲ್ಲ. ಮಗುವಿನಂತೆ ಮನಸ್ಸು ಹಗುರಾಗುತ್ತದೆ, ಜನ ಏನೆಂದುಕೊಂಡರೂ ಚಿಂತೆಯಿಲ್ಲ ಎಂಬ ನಿರ್ಧಾರಕ್ಕೆ ಬಂದು, ಬಿಡದೆ ಓಡಿಸಿದ. ಬೇಸಿಗೆಯಲ್ಲಿ ಯಾಸ್ನಾಯಾ ಪೊಲ್ಯಾನಾದ ಸುತ್ತಲ ದಾರಿಗಳಲ್ಲೂ ಸವಾರಿ ನಡೆಯಿತು.

ಈ ಬಾಳಿನಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವ ಗಳಿಗೆ ಇದೇ. ಆತ ತನ್ನ ಪ್ರತಿಯೊಂದು ಸುಖವನ್ನೂ ಕಟಕಟೆಯಲ್ಲಿ ನಿಲ್ಲಿಸಿ ತನಿಖೆ ಮಾಡಿದವನು. ಮಾಂಸ, ಸಿಗಾರು, ಬೇಟೆ, ಸಂಗೀತ, ಕೊನೆಗೆ ತನ್ನ ಕಾದಂಬರಿಗಳಿಗೂ ಶಿಕ್ಷೆ ವಿಧಿಸಿದವನು. ಅಂಥ ನ್ಯಾಯಾಧೀಶ ಸೈಕಲ್ಲನ್ನು ಮಾತ್ರ ಬಿಡುಗಡೆ ಮಾಡಿದ. ಎರಡು ಚಕ್ರದ ಮೇಲೆ ಬೀಳದೆ ಸಾಗುವ ಮುದುಕನ ಖುಷಿಯಿಂದ ಯಾರ ಅನ್ನವೂ ಕಡಿಮೆಯಾಗುವುದಿಲ್ಲವಲ್ಲ.

*

ಈಗಿನ ತಿಳುವಳಿಕೆಯಿಂದ ನೋಡಿದರೆ ಟಾಲ್‌ಸ್ಟಾಯ್ ಗೊತ್ತಿಲ್ಲದೆಯೇ ಒಂದು ಒಳ್ಳೆಯ ಜೋಡಿಯನ್ನು ಕೂಡಿಸಿದ್ದ. ಮೂವತ್ತು ದಾಟಿದ ಮೇಲೆ ಸುಮ್ಮನೆ ಕೂತವರ ಸ್ನಾಯು ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಕರಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. ಸೈಕಲ್ ತುಳಿಯುವುದು ಹೃದಯಕ್ಕೆ, ಉಸಿರಿಗೆ, ತೊಡೆಗೆ ಒಳ್ಳೆಯದು, ಮಂಡಿಗೂ ಹೊರೆ ಕಡಿಮೆ. ಆದರೆ ಮೈಭಾರವೆಲ್ಲ ಸೀಟಿನ ಮೇಲೆ ಇರುವುದರಿಂದ ಎಲುಬಿಗೆ ಕೆಲಸವಿಲ್ಲ. ತೋಳು, ಭುಜ, ಬೆನ್ನಿಗೂ ಅಷ್ಟಕ್ಕಷ್ಟೆ. ಬರೀ ಸೈಕಲ್ ಹೊಡೆಯುವವರ ಎಲುಬು ಸಾಂದ್ರತೆ ಕಳೆದುಕೊಳ್ಳುವುದುಂಟು. ಅದಕ್ಕೇ ತೂಕ ಎತ್ತುವ ಕೆಲಸ ಜೊತೆಗೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಅದನ್ನೇ: ವಾರಕ್ಕೆ 150ರಿಂದ 300 ನಿಮಿಷ ಉಸಿರು ಏರುವಂಥ ಚಟುವಟಿಕೆ, ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ.

ಟಾಲ್‌ಸ್ಟಾಯ್ ಇದಕ್ಕಾಗಿ ಯಾವ ಯಂತ್ರವನ್ನೂ ತರಿಸಲಿಲ್ಲ. ಒಂದು ಜೊತೆ ಡಂಬೆಲ್ಸು, ಒಂದು ಅಡ್ಡಕೋಲು, ಒಂದು ಕೊಡಲಿ, ನೀರಿನ ಪೀಪಾಯಿ. ಎಲ್ಲ ಮನೆಯಲ್ಲೇ. ಇವತ್ತು ಡೊಂಬಿವಲಿಯಲ್ಲೋ ಥಾಣೆಯಲ್ಲೋ ಒಂದು ಕೋಣೆ ಅಡಿಗೆಮನೆಯ ಸಂಸಾರ ನಡೆಸುವ, ನಲವತ್ತೈದು ದಾಟಿ ಭಾನುವಾರ ಮಾತ್ರ ಸೈಕಲ್ ಹೊರತೆಗೆಯುವ ನಮ್ಮ ಅಪ್ಪಂದಿರಿಗೂ ಕಾಕಂದಿರಿಗೂ ಇಷ್ಟು ಸಾಧ್ಯ. ಸೀಳಲು ಸೌದೆ ಇಲ್ಲದಿದ್ದರೆ ಹತ್ತು ಬಸ್ಕಿ. ಎರಡು ಕೈಯಲ್ಲಿ ನೀರು ತುಂಬಿದ ಎರಡು ಬಕೆಟ್. ನೆಲದ ದಂಡ ಕಷ್ಟವಾದರೆ ಗೋಡೆಗೆ ಕೈಯೂರಿ ದಂಡ. ಬಿ.ಪಿ., ಎದೆನೋವು ಇದ್ದವರು ಮೊದಲು ಡಾಕ್ಟರನ್ನು ಕೇಳಿಯೇ ತೊಡಗಬೇಕು. ಮೊದಲ ದಿನವೇ ಹದಿನಾರು ಕಿಲೋ ಎತ್ತುವುದು ಬೇಡ, ಅದು ಲೆವಿನ್‌ಗೆ ಇರಲಿ.

*

ಟಾಲ್‌ಸ್ಟಾಯಿಯ ಖಾತೆಯಲ್ಲಿ ಬಾಕಿಯೂ ಇದೆ, ಅದನ್ನು ಮುಚ್ಚಿಡಬಾರದು. ಆತ ತನ್ನ ಕೋಣೆಯನ್ನು ತಾನೇ ಗುಡಿಸಿದ ನಿಜ. ಆದರೆ ಅಷ್ಟು ದೊಡ್ಡ ಮನೆ, ಮಕ್ಕಳು, ಅತಿಥಿಗಳು, ಎಡತಾಕುವ ಶಿಷ್ಯರು, ಪುಸ್ತಕಗಳ ಅಚ್ಚು, ಲೆಕ್ಕಪತ್ರ ಇವೆಲ್ಲದರ ಹೊರೆ ಬಿದ್ದದ್ದು ಸೋಫಿಯಾ ಮೇಲೆ. ಆಸ್ತಿ ಪಾಪವೆಂದು ಗಂಡ ಕೈತೊಳೆದುಕೊಂಡಾಗ, ಆ ಆಸ್ತಿಯಿಂದಲೇ ಸಂಸಾರ ತೂಗಿಸಬೇಕಾದವಳು ಆಕೆ. ಗಂಡ ಸೌದೆ ಸೀಳಿದ್ದನ್ನು ಲೋಕವೆಲ್ಲ ಹೊಗಳಿತು. ಹದಿಮೂರು ಬಾಣಂತನ ಮಾಡಿಕೊಂಡವಳ ದೇಹಶ್ರಮವನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಅವರಿಬ್ಬರ ನಡುವಿನ ಕಹಿ ಕೊನೆಯ ವರ್ಷಗಳಲ್ಲಿ ಹೆಚ್ಚುತ್ತಲೇ ಹೋಯಿತು.

1899ರಲ್ಲಿ 'ಪುನರುತ್ಥಾನ' ಹೊರಬಂತು. ರಷ್ಯದಲ್ಲಿ ಹಿಂಸೆಗೆ ಒಳಗಾದ ದುಖೊಬೋರ್ ಪಂಗಡದ ಜನ ಕೆನಡಾಗೆ ವಲಸೆ ಹೋಗಲು ಅದರ ಹಣ ನೆರವಾಯಿತು. 1901ರಲ್ಲಿ ರಷ್ಯದ ಚರ್ಚು ಆತನನ್ನು ಹೊರಹಾಕಿತು. ಅದೇ ವರ್ಷ ಆರೋಗ್ಯ ಕೆಟ್ಟು ಕ್ರಿಮಿಯಾದ ಗಾಸ್‌ಪ್ರಾಗೆ ಹೋದ. ಅಲ್ಲಿ 1902ರಲ್ಲಿ ನ್ಯುಮೋನಿಯಾ, ಅದರ ಬೆನ್ನಿಗೇ ವಿಷಮಶೀತಜ್ವರ. ಎಪ್ಪತ್ತಮೂರರ ಮುದುಕ ಬದುಕುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಆತ ಎದ್ದು ಕೂತ, ಮತ್ತೆ ನಡೆಯಲು ಕಲಿತ, ಊರಿಗೆ ಬಂದು ಕುದುರೆ ಏರಿದ. 'ಹಾಜಿ ಮುರಾತ್' ಎಂಬ ಅದ್ಭುತ ಕಿರುಕಾದಂಬರಿ ಮುಗಿದದ್ದು ಇದಾದ ಮೇಲೆ, 1904ರಲ್ಲಿ. ಗರಡಿಯ ಬಲ ಅಲ್ಲಿಯೂ ಒಂದಿಷ್ಟು ಬಡ್ಡಿ ಕೊಟ್ಟಿರಬೇಕು ಎಂದು ನನ್ನ ಊಹೆ.

1908ರಲ್ಲಿ ತಾರಕನಾಥ ದಾಸರಿಗೆ ಬರೆದ ಪತ್ರದಲ್ಲಿ ಭಾರತದ ಬಿಡುಗಡೆಗೆ ಅಹಿಂಸೆಯೇ ದಾರಿಯೆಂದು ಹೇಳಿದ. 1909ರಲ್ಲಿ ಗಾಂಧೀಜಿ ಆ ಪತ್ರವನ್ನು ಓದಿ ಟಾಲ್‌ಸ್ಟಾಯಿಗೆ ಬರೆದರು, ಅದನ್ನು ಗುಜರಾತಿಗೆ ಅನುವಾದಿಸಿದರು. 1910ರಲ್ಲಿ ಜೋಹಾನ್ಸ್‌ಬರ್ಗ್ ಹತ್ತಿರ ಗೆಳೆಯ ಕಾಲೆನ್‌ಬಾಖ್ ಕೊಟ್ಟ 1,100 ಎಕರೆ ಜಾಗದಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಶುರುವಾಯಿತು. ಅಲ್ಲಿ ಎಲ್ಲರೂ ಅಗೆಯಬೇಕು, ಹೊರಬೇಕು. ಊರಿಗೆ ಸ್ವಂತ ಕೆಲಸವಿದ್ದರೆ 21 ಮೈಲಿ ನಡೆಯಬೇಕು. ಗಾಂಧೀಜಿ ಅಲ್ಲಿ ಚಪ್ಪಲಿ ಹೊಲಿದರು. ಮಾಸ್ಕೋದಲ್ಲಿ ಹೊಲಿದ ಬೂಟಿನ ಹೆಜ್ಜೆ ಎಲ್ಲಿಯ ತನಕ ಬಂತು ನೋಡಿ!

1910ರ ಅಕ್ಟೋಬರಿನಲ್ಲಿ, ಮನೆ ಬಿಡುವುದಕ್ಕೆ ಕೆಲವೇ ದಿನ ಮೊದಲು, ಎಂಬತ್ತೆರಡರ ಟಾಲ್‌ಸ್ಟಾಯ್ ವಯಸ್ಸಿಗೆ ಸಲ್ಲದ ಏನೋ ಕಸರತ್ತು ಮಾಡಲು ಹೋಗಿ ಕಪಾಟನ್ನು ಉರುಳಿಸಿದ. ದಿನಚರಿಯಲ್ಲಿ ತನ್ನನ್ನೇ ದಡ್ಡನೆಂದು ಬೈದುಕೊಂಡ. ಹಳೆಯ ಪಂಚಾಂಗದ ಅಕ್ಟೋಬರ್ 28ರ, ಅಂದರೆ ನವೆಂಬರ್ 10ರ, ನಸುಕಿನಲ್ಲಿ ವೈದ್ಯ ಮಕೊವಿತ್ಸ್ಕಿಯನ್ನು ಕರೆದುಕೊಂಡು ಹೆಂಡತಿಗೆ ತಿಳಿಯದಂತೆ ಮನೆ ಬಿಟ್ಟ. ದಾರಿಯಲ್ಲಿ ರೈಲಿನಲ್ಲಿ ಜ್ವರ, ನ್ಯುಮೋನಿಯಾ. ಅಸ್ತಾಪೊವೊ ಎಂಬ ಚಿಕ್ಕ ಸ್ಟೇಷನ್ನಿನಲ್ಲಿ ಇಳಿಸಿದರು. ಅಲ್ಲಿ ಸ್ಟೇಷನ್ ಮಾಸ್ತರನ ಮನೆಯಲ್ಲಿ ನವೆಂಬರ್ 20ರಂದು ಪ್ರಾಣ ಹೋಯಿತು. ಸೋಫಿಯಾ ಬಂದಿದ್ದಳು, ಆತನಿಗೆ ಎಚ್ಚರವಿರುವ ತನಕ ಆಕೆಯನ್ನು ಒಳಗೆ ಬಿಡಲಿಲ್ಲ.

ಯಾಸ್ನಾಯಾ ಪೊಲ್ಯಾನಾದ ಕಾಡಿನಂಚಿನಲ್ಲಿ ಆತನ ಸಮಾಧಿಯಿದೆ. ಎಳವೆಯಲ್ಲಿ ಅಣ್ಣ ನಿಕೊಲಾಯ್ ಒಂದು ಹಸಿರುಕೋಲಿನ ಕಥೆ ಕಟ್ಟಿದ್ದ: ಎಲ್ಲ ಮನುಷ್ಯರೂ ಸುಖವಾಗಿರುವ ಗುಟ್ಟನ್ನು ಆ ಕೋಲಿನ ಮೇಲೆ ಬರೆದು ಅಲ್ಲೇ ಹೂತಿದ್ದಾರೆಂದು. ಅದೇ ಜಾಗದಲ್ಲಿ ಹೂಳಲು ಟಾಲ್‌ಸ್ಟಾಯ್ ಕೇಳಿಕೊಂಡಿದ್ದ. ಶಿಲುಬೆ ಇಲ್ಲ, ಕಲ್ಲಿಲ್ಲ, ಹೆಸರಿಲ್ಲ; ಹುಲ್ಲು ಬೆಳೆದ ಮಣ್ಣಿನ ದಿಬ್ಬ ಅಷ್ಟೆ.

ಆ ಗುಟ್ಟು ಆತನಿಗೆ ಪೂರ್ತಿ ಸಿಕ್ಕಿತೆಂದು ಹೇಳಲಾಗದು. ಮನೆಯೊಳಗೆ ಸೋತ, ತನ್ನ ನಿಯಮಗಳ ಮುಂದೆ ನೂರು ಸಲ ಸೋತ. ಆದರೂ ಪ್ರತಿ ಬೆಳಿಗ್ಗೆ ಎದ್ದು ಡಂಬೆಲ್ಸಿಗೆ ಕೈಹಾಕಿದ. ಇನ್ನು ವಯಸ್ಸಾಯಿತು, ಈಗೇನು ಕಲಿಯೋದು ಎಂಬ ಮಾತು ಆತನ ಖಾತೆಯಲ್ಲಿ ಎಲ್ಲೂ ಇಲ್ಲ. ಪರೀಕ್ಷೆ, ಕೆಲಸ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಇಪ್ಪತ್ತಕ್ಕೇ ಸುಸ್ತಾದೆವೆನ್ನುವ ನಾವು, ನಲವತ್ತೈದಕ್ಕೇ ಮುದುಕರಾದೆವೆನ್ನುವ ನಮ್ಮ ಹಿರಿಯರು, ಇಬ್ಬರೂ ಆ ಬಲಪುಟವನ್ನು ಒಮ್ಮೆ ಓದಬೇಕು.